ದನದ ಔಷಧ ಮತ್ತು ಬೆಕ್ಕಿನ ದೇಹ: ಚಿಗಟ-ಉಣ್ಣೆಗಳ ನಿವಾರಣೆಯಲ್ಲಿ ಸಂಭವಿಸುವ ವಿಷಬಾಧೆ

ಯಮಕನಮರಡಿಯೂ ಅದರ ಸುತ್ತಣ ಹುಕ್ಕೇರಿ, ಗೋಕಾಕ ತಾಲೂಕುಗಳ ಹಳ್ಳಿಗಳೂ ಒಕ್ಕಲುತನವನ್ನು ನಂಬಿದ ಊರುಗಳು. ಈ ಭಾಗದ ಹಳೆಯ ಮನೆಗಳಲ್ಲಿ ದನಗಳ ಗೋದಲಿಯೂ ಜನರ ಪಡಸಾಲೆಯೂ ಒಂದೇ ಮಾಡಿನ ಕೆಳಗೆ ಇರುವದುಂಟು. ಜೋಳದ ಚೀಲಗಳನ್ನು ಇಲಿಗಳಿಂದ ಕಾಯುವ ಬೆಕ್ಕು ಹಗಲು ಹೊತ್ತಿನಲ್ಲಿ ಮೇವಿನ ಮೇಲೆ ಮಲಗುವದು. ಚಳಿಯ ದಿನಗಳಲ್ಲಿ ಎಮ್ಮೆಯ ಮಗ್ಗುಲಿಗೆ ಒರಗುವದು. ಆದುದರಿಂದ ದನದ ಮೈಮೇಲಿನ ಉಣ್ಣೆಗೆಂದು ತಂದ ಔಷಧವು ಬೆಕ್ಕಿನ ಮೈಗೂ ತಾಗುವ ಸಂಭವವು ಸದಾ ಇದ್ದೇ ಇದೆ. ಹಸುವಿಗೆ ಹಿತವಾದ, ನಾಯಿಗೆ ನಿರಪಾಯವಾದ ಔಷಧವೇ ಬೆಕ್ಕಿಗೆ ಪ್ರಾಣಾಂತಿಕವಾಗುವದೇಕೆಂಬುದನ್ನು ವಿವರಿಸುವದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಚಿಗಟ-ಉಣ್ಣೆಗಳ ನಿವಾರಣೆಯು ಅವಶ್ಯವೆಂಬುದರಲ್ಲಿ ಸಂದೇಹವಿಲ್ಲ. ದನದ ಉಣ್ಣೆಯು ರಕ್ತವನ್ನು ಹೀರುವದಲ್ಲದೆ ಥೈಲೇರಿಯಾ, ಬಬೇಸಿಯಾ ಮುಂತಾದ ರೋಗಾಣುಗಳನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಉಣ್ಣೆಯಿಂದ ಮನುಷ್ಯರಿಗೆ ಒದಗುವ ಅಪಾಯವನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಕಾಣಿಸಿಕೊಂಡ ರೋಗವು ಲೋಕಕ್ಕೆ ತೋರಿಸಿಕೊಟ್ಟಿತು. ಬೆಕ್ಕಿನ ಚಿಗಟವು ತುರಿಕೆಯನ್ನುಂಟುಮಾಡುವದು. ಎಳೆಯ ಮರಿಗಳಲ್ಲಿ ಹೆಚ್ಚಾದರೆ ರಕ್ತಹೀನತೆಯನ್ನೂ ತರುವದು. ಆದುದರಿಂದ ಔಷಧ ಬೇಕೆ ಬೇಡವೆ ಎಂಬುದು ಇಲ್ಲಿಯ ಪ್ರಶ್ನೆಯಲ್ಲ; ಯಾವ ಪ್ರಾಣಿಗೆ ಯಾವ ಔಷಧ ಎಂಬುದೇ ಪ್ರಶ್ನೆ.

ಸೇವಂತಿಗೆಯ ಜಾತಿಗೆ ಹತ್ತಿರವಾದ ಪೈರೆಥ್ರಂ ಎಂಬ ಹೂವಿನ ಪುಡಿಯು ಕೀಟನಾಶಕವಾಗಿ ಬಹುಕಾಲದಿಂದ ಬಳಕೆಯಲ್ಲಿದೆ. ಈ ಹೂವಿನ ಸತ್ವವು ಬಿಸಿಲಿಗೆ ಬೇಗನೆ ಕೆಡುವದು. ಅದನ್ನು ಅನುಸರಿಸಿ, ಆದರೆ ಬಿಸಿಲಿಗೆ ಕೆಡದಂತೆ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದಲ್ಲಿ ಮೈಕೇಲ್ ಎಲಿಯಟ್ ಮತ್ತು ಅವರ ಸಂಗಡಿಗರು 1973ರಲ್ಲಿ ಪರ್ಮೆಥ್ರಿನ್, 1974ರಲ್ಲಿ ಡೆಲ್ಟಾಮೆಥ್ರಿನ್ ಎಂಬ ಕೃತಕ ದ್ರವ್ಯಗಳನ್ನು ಪ್ರಕಟಪಡಿಸಿದರು. ಇಂದು ದನಗಳಿಗೆ ಸಿಂಪಡಿಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ಗಳೂ ನಾಯಿಗಳ ಬೆನ್ನಿಗೆ ಹಚ್ಚುವ ಪರ್ಮೆಥ್ರಿನ್ ಹನಿಗಳೂ ಈ ವರ್ಗಕ್ಕೆ ಸೇರಿದವು. ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಸೂಕ್ಷ್ಮ ದ್ವಾರಗಳಿವೆ. ಅವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳಬೇಕು. ಈ ದ್ರವ್ಯಗಳು ದ್ವಾರವನ್ನು ಮುಚ್ಚಗೊಡುವದಿಲ್ಲ. ಆಗ ನರವು ಮೇಲಿಂದ ಮೇಲೆ ಉದ್ರೇಕಗೊಂಡು, ಕೀಟವು ನಡುಗಿ ಸಾಯುವದು.

ಸಸ್ತನಿಗಳ ನರಗಳಲ್ಲಿಯೂ ಇಂತಹ ದ್ವಾರಗಳಿವೆ. ಆದರೆ ಅವು ಈ ವಿಷಕ್ಕೆ ಕೀಟಗಳಷ್ಟು ಸುಲಭವಾಗಿ ವಶವಾಗುವದಿಲ್ಲ; ಮೇಲಾಗಿ ಯಕೃತ್ತು ವಿಷವನ್ನು ಒಡೆದು, ಗ್ಲುಕುರಾನಿಕ್ ಆಮ್ಲವೇ ಮೊದಲಾದವುಗಳೊಡನೆ ಜೋಡಿಸಿ, ಮೂತ್ರ-ಪಿತ್ತಗಳ ಮೂಲಕ ಹೊರಹಾಕುವದು. ಬೆಕ್ಕಿನಲ್ಲಿ ಈ ಜೋಡಣೆಯ ಶಕ್ತಿಯು ತೀರ ಕಡಿಮೆ. ಅದಕ್ಕೆ ಬೇಕಾದ ಕಿಣ್ವಗಳಲ್ಲೊಂದನ್ನು ನಿರ್ಮಿಸುವ ಜೀನು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆಯೆಂದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಕೋರ್ಟ್ ಮತ್ತು ಗ್ರೀನ್‌ಬ್ಲಾಟ್ 2000ರಲ್ಲಿ ತೋರಿಸಿದರು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷವಾಗುವದೂ ಮುಖ್ಯವಾಗಿ ಈ ಕೊರತೆಯಿಂದಲೇ. ಪರ್ಮೆಥ್ರಿನ್ ಬೆಕ್ಕಿನ ದೇಹದಲ್ಲಿ ಹೆಚ್ಚು ಕಾಲ ನಿಂತು ಬಾಧಿಸುವದಕ್ಕೂ ಇದನ್ನೇ ಪ್ರಧಾನ ಕಾರಣವೆಂದು ಎಣಿಸಲಾಗಿದೆ.

ಪ್ರಮಾಣವನ್ನು ಗಮನಿಸಿದರೆ ವಿಷಯವು ಇನ್ನೂ ಸ್ಪಷ್ಟವಾಗುವದು. ನಾಯಿಗೆಂದು ತಯಾರಿಸಿದ ಪ್ರತಿಶತ 45ರ ಪರ್ಮೆಥ್ರಿನ್ ದ್ರಾವಣದ 1 ಮಿಲಿಲೀಟರಿನಲ್ಲಿ 450 ಮಿಲಿಗ್ರಾಂ ವಿಷವಿರುತ್ತದೆ. ಅದನ್ನು 4.5 ಕಿಲೋಗ್ರಾಂ ತೂಕದ ಬೆಕ್ಕಿಗೆ ಹಚ್ಚಿದರೆ ಕಿಲೋಗ್ರಾಮಿಗೆ 100 ಮಿಲಿಗ್ರಾಂ ಬೀಳುವದು. ಇಷ್ಟರಿಂದಲೇ ಪ್ರಾಣಾಪಾಯದ ಲಕ್ಷಣಗಳು ತೋರಬಹುದು. ಇದರೊಡನೆ ಬೆಕ್ಕಿನ ಸ್ವಭಾವವೂ ಅದಕ್ಕೆ ವೈರಿಯಾಗುವದು. ಮೈಯನ್ನು ನೆಕ್ಕಿ ಶುಚಿಗೊಳಿಸುವದು ಅದರ ನಿತ್ಯದ ರೂಢಿ. ತೊಗಲಿಗೆ ತಾಗಿದ್ದು ಹೀಗೆ ಹೊಟ್ಟೆಗೂ ಹೋಗುವದು. ಔಷಧ ಹಚ್ಚಿದ ನಾಯಿಯ ಜೊತೆಗೆ ಮಲಗಿದ ಬೆಕ್ಕಿಗೂ ಅದೇ ಬಾಧೆ ತಟ್ಟಬಹುದು.

ಲಕ್ಷಣಗಳು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಒಮ್ಮೊಮ್ಮೆ ಒಂದು ದಿನವಾದ ಬಳಿಕ ಕಾಣಿಸುವವು. ಮೊದಲು ಕಿವಿ ಹಾಗೂ ಮೋರೆಯ ಸ್ನಾಯುಗಳು ಅದುರುವವು. ಬೆಕ್ಕು ಕಾಲುಗಳನ್ನು ಒದರುವದು, ಸಣ್ಣ ಸಪ್ಪಳಕ್ಕೂ ಬೆಚ್ಚಿ ಬೀಳುವದು. ಅನಂತರ ಮೈಯೆಲ್ಲ ನಡುಗಿ, ಹೆಜ್ಜೆ ತಪ್ಪಿ, ಕೊನೆಗೆ ಸೆಳವು ಬರುವದು. ಎಡೆಬಿಡದ ನಡುಕದಿಂದ ದೇಹದ ಕಾವು ಅಪಾಯಕರವಾಗಿ ಏರುವದು. ಮನೆಯವರು ಇದನ್ನು ಹಾವಿನ ಕಡಿತವೆಂದೋ ಹುಚ್ಚೆಂದೋ ತಿಳಿಯುವ ಸಂಭವವುಂಟು. ಆದರೆ ಹಚ್ಚಿದ ಔಷಧದ ಕಹಿಯನ್ನು ನೆಕ್ಕಿ ಕೆಲಹೊತ್ತು ಜೊಲ್ಲು ಸುರಿಸುವದಷ್ಟೇ ಇದ್ದರೆ, ಔಷಧವು ಬೆಕ್ಕಿಗೆಂದೇ ಮಾಡಿದ್ದಾದ ಪಕ್ಷದಲ್ಲಿ, ಅದು ಸಾಮಾನ್ಯವಾಗಿ ವಿಷಬಾಧೆಯಲ್ಲ. ಹಚ್ಚಿದ ಸ್ಥಳದಲ್ಲಿ ತುರಿಕೆಯಾಗುವದು, ಕೂದಲು ಉದುರುವದು ಸಹ ಲಘುವಾದ ಪರಿಣಾಮಗಳೇ.

ಇತರ ಔಷಧಗಳಿಂದಾಗುವ ಬಾಧೆಯ ರೀತಿಯು ಬೇರೆ. ದನದ ಉಣ್ಣೆಗೆ ಬಳಸುವ ಅಮಿಟ್ರಾಜ್ ಬೆಕ್ಕಿಗೆ ತಾಗಿದರೆ ಮಂಪರು ಕವಿದು, ನಾಡಿಯು ನಿಧಾನವಾಗಿ, ಮೈ ತಣ್ಣಗಾಗುವದು. ರಂಜಕಯುಕ್ತ ಬೆಳೆಯೌಷಧಗಳು ತಾಗಿದರೆ ಜೊಲ್ಲು, ಕಣ್ಣೀರು, ಭೇದಿಗಳುಂಟಾಗಿ, ಉಸಿರು ಕಟ್ಟುವದು. ಗುಳಿಗೆಯ ರೂಪದಲ್ಲಿಯೂ ಹನಿಯ ರೂಪದಲ್ಲಿಯೂ ದೊರೆಯುವ ಐಸಾಕ್ಸಜೋಲಿನ್ ವರ್ಗದ ಹೊಸ ಔಷಧಗಳಿಂದ ಕೆಲವು ನಾಯಿ-ಬೆಕ್ಕುಗಳಲ್ಲಿ ನಡುಕ, ಸೆಳವುಗಳು ಕಂಡುಬಂದಿವೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಎಚ್ಚರಿಸಿತು. ಆದರೂ ಹೆಚ್ಚಿನ ಪ್ರಾಣಿಗಳಿಗೆ ಅವು ಸುರಕ್ಷಿತವೆಂದೇ ಅದು ಹೇಳಿದೆ. ಮನೆಮದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಲಾಗದು. ನಿಪ್ಪಾಣಿಯ ಸೀಮೆಯಲ್ಲಿ ತಂಬಾಕು ಸುಲಭವಾಗಿ ದೊರೆಯುವ ವಸ್ತು. ಆದರೆ ತಂಬಾಕು ನೆನೆಸಿದ ನೀರಿನಲ್ಲಿರುವ ನಿಕೋಟಿನ್ ತೊಗಲಿನ ಮೂಲಕವೂ ಒಳಸೇರುವ ಉಗ್ರ ವಿಷ. ಚಿಮಣಿ ಎಣ್ಣೆಯು ತೊಗಲನ್ನು ಸುಡುವದು. ನೆಕ್ಕಿದಾಗ ಪುಪ್ಪುಸಕ್ಕೆ ಇಳಿದರೆ ಉಸಿರಾಟವನ್ನೇ ಕೆಡಿಸುವದು.

ಬಾಧೆಯು ಕಂಡೊಡನೆ, ಸೆಳವು ಇಲ್ಲದಿದ್ದರೆ, ಬೆಕ್ಕಿನ ಮೈಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಪಾತ್ರೆ ತೊಳೆಯುವ ಸೌಮ್ಯ ಸಾಬೂನಿನ ದ್ರವದಿಂದ ತೊಳೆಯಬೇಕು. ಬಿಸಿನೀರು ತೊಗಲಿನ ರಕ್ತಸಂಚಾರವನ್ನು ಹೆಚ್ಚಿಸಿ ವಿಷವನ್ನು ಒಳಸೆಳೆಯಬಹುದು. ತಣ್ಣೀರು ಬೆಕ್ಕನ್ನು ಇನ್ನಷ್ಟು ನಡುಗಿಸುವದು. ಬಳಿಕ ಮೈ ಒರಸಿ, ಕತ್ತಲೆಯಾದ ನಿಶ್ಶಬ್ದ ಸ್ಥಳದಲ್ಲಿರಿಸಿ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಬಾಯಿಯಲ್ಲಿ ಹಾಲನ್ನಾಗಲಿ ಎಣ್ಣೆಯನ್ನಾಗಲಿ ಹೊಯ್ಯಬಾರದು, ವಾಂತಿ ಮಾಡಿಸಲೂಬಾರದು. ಔಷಧದ ಸೀಸೆಯನ್ನು ಜೊತೆಗೆ ಒಯ್ಯುವದು ಅತ್ಯವಶ್ಯ. ಏಕೆಂದರೆ ಚಿಕಿತ್ಸೆಯು ವಿಷವನ್ನು ಅನುಸರಿಸಿ ಬದಲಾಗುತ್ತದೆ. ರಂಜಕಯುಕ್ತ ವಿಷಕ್ಕೆ ಅಟ್ರೋಪಿನ್ ಇದೆ. ಪರ್ಮೆಥ್ರಿನ್‌ಗೆ ನೇರವಾದ ಪ್ರತಿವಿಷವಿಲ್ಲ. ಮೆಥೋಕಾರ್ಬಮಾಲ್ ಮುಂತಾದವುಗಳಿಂದ ನಡುಕವನ್ನು ತಡೆದು, ಯಕೃತ್ತು ತನ್ನ ಕೆಲಸವನ್ನು ಮುಗಿಸುವವರೆಗೆ ಜೀವವನ್ನು ಕಾಯಬೇಕಾಗುವದು. ಸಕಾಲದಲ್ಲಿ ಆರೈಕೆ ದೊರೆತರೆ ಹೆಚ್ಚಿನ ಬೆಕ್ಕುಗಳು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಳ್ಳುವವು.

ಮುನ್ನೆಚ್ಚರಿಕೆಯಾದರೋ ಸುಲಭವಾಗಿದೆ. ದನಕ್ಕೆ ಔಷಧ ಸಿಂಪಡಿಸಿದ ದಿನ, ಅದು ಪೂರ್ತಿ ಒಣಗುವವರೆಗೆ, ಬೆಕ್ಕನ್ನು ಗೋದಲಿಯಿಂದ ದೂರವಿಡಬೇಕು. ಉಳಿದ ದ್ರಾವಣವನ್ನು ತೆರೆದ ಬಕೀಟಿನಲ್ಲಿ ಬಿಡಬಾರದು. ಚೀಟಿಯಿಲ್ಲದ ಸೀಸೆಗೆ ಸುರಿದಿಡಲೂಬಾರದು. ಬೆಕ್ಕಿಗೆ ಬೆಕ್ಕಿನ ಹೆಸರೂ ತೂಕವೂ ನಮೂದಾಗಿರುವ ಔಷಧವನ್ನೇ, ಪಶುವೈದ್ಯರ ಸಲಹೆಯಂತೆ ಹಚ್ಚಬೇಕು. ಬೆಕ್ಕು ಸಣ್ಣ ಹಸುವೂ ಅಲ್ಲ, ಸಣ್ಣ ನಾಯಿಯೂ ಅಲ್ಲ. ದೊಡ್ಡ ಪ್ರಾಣಿಯ ಔಷಧವನ್ನು ಕಡಿಮೆ ಮಾಡಿ ಹಚ್ಚಿದರೆ ಸಾಕೆಂಬ ಎಣಿಕೆಯೇ ಇಲ್ಲಿಯ ಮೂಲ ದೋಷ. ಅದನ್ನು ಬಿಟ್ಟಲ್ಲಿ ಈ ಅಪಾಯದ ಬಹುಭಾಗವು ತಾನಾಗಿಯೇ ನೀಗುವದು.