ಚುಮುಚುಮು ಚಳಿಗೆ ತೋಳುಚೀಲ

ಕಳೆದ ಚಳಿಗಾಲದಲ್ಲಿ ಬ್ಯಾಂಕ್ ಅಧಿಕಾರಿಯೊಬ್ಬರು ಹೆಂಡತಿಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ಐವತ್ತರ ಆಸುಪಾಸು. ಭಾನುವಾರ ನಸುಕಿನಲ್ಲೇ ಎದ್ದು ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವುದು ಅವರ ಹವ್ಯಾಸ.

“ನೀವಾದರೂ ಇವರಿಗೆ ಹೇಳಿ ಡಾಕ್ಟ್ರೇ. ಸ್ವೆಟರ್ ಹಾಕಿಕೊಳ್ಳಿ ಅಂದರೆ ಕೇಳೋದಿಲ್ಲ. ಬೆಟ್ಟ ಹತ್ತುವಾಗ ತೋಳು ನೋಯುತ್ತೆ ಅಂತಾರೆ. ಚಳಿಗಾಳಿಗೆ ಕೈ ಒಡ್ಡಿದರೆ ಇನ್ನೇನಾಗುತ್ತೆ?” ಎಂದು ಆಕೆ ದೂರಿದರು.

“ಸ್ವೆಟರ್ ಹಾಕಿದರೆ ಬೆವರು ಸುರಿಯುತ್ತೆ, ತೆಗೆದರೆ ನಡುಕ. ಆರ್ಮ್ ವಾರ್ಮರ್ ಅಂತ ಸಿಗುತ್ತಂತಲ್ಲ, ಯಾವುದು ತಗೊಳ್ಳಲಿ?” ಎಂಬುದು ಅವರ ಪ್ರಶ್ನೆ.

ಇದು ಬಟ್ಟೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಯಲ್ಲವೇ ಎಂದು ನೀವು ನಗಬಹುದು. ಆದರೆ ಇದರಲ್ಲಿ ವೈದ್ಯರು ಹೇಳಬೇಕಾದ ಮಾತೂ ಸಾಕಷ್ಟಿದೆ. ಅವರ ತೋಳುನೋವಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಲಿಗೆ ಕಾಲುಚೀಲವಿದ್ದಂತೆ ತೋಳಿಗೆ ಈ ತೋಳುಚೀಲ. ಎರಡೂ ತುದಿ ತೆರೆದಿರುವ, ಹಿಗ್ಗುವ ಬಟ್ಟೆಯ ಕೊಳವೆ. ಮಣಿಕಟ್ಟಿನಿಂದ ಹೊರಟು ಅರ್ಧ ತೋಳಿನ ಅಂಗಿಯೊಳಗೆ ಸೇರಿಕೊಳ್ಳುತ್ತದೆ. ಸೆಕೆಯಾದರೆ ಮಣಿಕಟ್ಟಿನವರೆಗೆ ಜಾರಿಸಬಹುದು. ಬೇಡವೆಂದರೆ ನಿಂತು, ತೆಗೆದು, ಮಡಿಸಿ ಜೇಬಿಗೆ ಹಾಕಬಹುದು. ಸ್ವೆಟರಿಗೆ ಈ ಅನುಕೂಲವಿಲ್ಲ. ಸೊಂಟಕ್ಕೆ ಕಟ್ಟಿಕೊಂಡ ಸ್ವೆಟರಿನ ತೋಳು ಚಕ್ರಕ್ಕೆ ಸಿಕ್ಕರೆ ಅಪಾಯ ಬೇರೆ.

ಬೆಂಗಳೂರು, ಮೈಸೂರಿನ ಚಳಿ ಕಾಶ್ಮೀರದ ಚಳಿಯಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ ಸೆಲ್ಸಿಯಸ್ ಇದ್ದು, ಮಧ್ಯಾಹ್ನಕ್ಕೆ 25 ದಾಟುತ್ತದೆ. ಸೈಕಲ್ ತುಳಿಯುವಾಗ ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಪೆಡಲ್ ತಿರುಗಿಸಲು ಬಳಕೆಯಾಗುವುದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಳಿದದ್ದೆಲ್ಲ ಶಾಖ. ಹೊರಟ ಹತ್ತು ನಿಮಿಷಕ್ಕೆ ಮೈಯೇ ಒಲೆಯಾಗಿರುತ್ತದೆ. ದುಡಿಯುವುದು ಕಾಲು ಮತ್ತು ತೊಡೆ. ತೋಳುಗಳು ಮಾತ್ರ ಗಾಳಿಗೆ ಎದುರಾಗಿ ಹ್ಯಾಂಡಲ್ ಹಿಡಿದು ಸುಮ್ಮನಿರುತ್ತವೆ. ಎದೆ, ಬೆನ್ನು ಬೆವರುತ್ತಿದ್ದರೂ ತೋಳು ತಣ್ಣಗಿರುವುದು ಇದರಿಂದಲೇ.

ತೊಂದರೆ ಶುರುವಾಗುವುದು ಇಳಿಯುವಾಗ. ನಂದಿಬೆಟ್ಟದ ಎತ್ತರ 1,478 ಮೀಟರ್. ಬೆಂಗಳೂರಿಗಿಂತ ಐನೂರು ಮೀಟರಿಗೂ ಮಿಗಿಲು ಎತ್ತರವಾದ್ದರಿಂದ ಮೂರು ಡಿಗ್ರಿಯಷ್ಟು ಹೆಚ್ಚು ತಂಪು. ಹತ್ತುವಾಗ ಬೆವರಿ ಬಟ್ಟೆ ಒದ್ದೆಯಾಗಿರುತ್ತದೆ. ಇಳಿಯುವಾಗ ತುಳಿಯುವ ಕೆಲಸವಿಲ್ಲ, ಅಂದರೆ ಒಲೆ ಆರಿದೆ. ಗಾಳಿ ಮಾತ್ರ ಭರ್ರೆಂದು ಬೀಸುತ್ತದೆ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಚರ್ಮದಿಂದ ಕಸಿಯುತ್ತದೆ. (ಇದು ಭೌತಶಾಸ್ತ್ರದ ಪುಟ್ಟ ಕ್ಯಾಲೊರಿ. ಊಟದ ಲೆಕ್ಕದ ಒಂದು ಕ್ಯಾಲೊರಿ ಇಂಥ ಸಾವಿರಕ್ಕೆ ಸಮ. ತೂಕ ಇಳಿಸುವವರು ಸಂಭ್ರಮಪಡಬೇಕಿಲ್ಲ!) ದಪ್ಪ ಸ್ವೆಟರ್ ತೊಟ್ಟು ಹತ್ತಿದವರು ಇಳಿಯುವಾಗ ಹೆಚ್ಚು ನಡುಗಲು ಇದೇ ಕಾರಣ.

ಈಗ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲ ಮೊಣಕೈಯ ಸ್ವಲ್ಪ ಕೆಳಗೆ ಎಡಗೈ ಇಟ್ಟು, ಬಲಗೈ ಮುಷ್ಟಿಯನ್ನು ಬಿಗಿದು ಬಿಡಿ. ಎಡಗೈ ಅಡಿಯಲ್ಲಿ ಏನೋ ಉಬ್ಬಿ ಇಳಿದಂತಾಗುತ್ತದೆ. ಬೆರಳುಗಳನ್ನು ಮಡಿಸುವ ಮುಖ್ಯ ಸ್ನಾಯುಗಳಿರುವುದು ಅಂಗೈಯಲ್ಲಲ್ಲ, ಮುಂದೋಳಿನಲ್ಲಿ. ಮುಂದೋಳು ತಣ್ಣಗಾದರೆ ನರಗಳ ಸಂದೇಶ ನಿಧಾನವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ನಂದಿಯ ತಿರುವುಗಳಲ್ಲಿ ಬ್ರೇಕ್ ಹಿಡಿಯಬೇಕಾದವು ಇದೇ ಬೆರಳುಗಳು! ಬರೀ ಕೈಗವಸು ಹಾಕಿಕೊಂಡರೆ ಸಾಲದು ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ಹವೆಗೆ ತೆಳುವಾದ ಹೆಣಿಗೆಯ, ಲೈಕ್ರಾ ಬೆರೆತ ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆ ಸಾಕು. ಒಳಗೆ ಮೃದುವಾದ ಜುಂಗಿರುವ ದಪ್ಪ ತೋಳುಚೀಲ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಗೆ ಸರಿ. ಇಲ್ಲಿ ಅರ್ಧ ಗಂಟೆಗೇ ಸೆಕೆಯಾಗುತ್ತದೆ. ಮೆರಿನೊ ಉಣ್ಣೆಯ ತೆಳು ಚೀಲ ಒದ್ದೆಯಾದರೂ ಬೆಚ್ಚಗಿರುತ್ತದೆ, ವಾಸನೆ ಕಡಿಮೆ, ಬೆಲೆ ಮಾತ್ರ ಜಾಸ್ತಿ. ಹತ್ತಿ ಬೇಡ. ನಮ್ಮ ಸೆಕೆಗಾಲಕ್ಕೆ ಹತ್ತಿಯಂಥ ಬಟ್ಟೆಯಿಲ್ಲ, ನಿಜ. ಆದರೆ ಅದು ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಸ್ಕೂಟರ್ ಸವಾರರು ಬಿಸಿಲಿಗೆಂದು ತೊಡುವ ನುಣುಪು ತೋಳುಗವಸನ್ನೇ ಕೆಲವರು ಚಳಿಗೂ ಕೊಳ್ಳುತ್ತಾರೆ. ಅದನ್ನು ಮಾಡಿರುವುದೇ ತಂಪಾಗಿಡಲು. ಬಾಯಿಗೆ ಹಿಡಿದು ಊದಿ ನೋಡಿ: ಉಸಿರು ಸಲೀಸಾಗಿ ದಾಟಿಹೋದರೆ ಇಳಿಜಾರಿನ ಗಾಳಿಯೂ ದಾಟುತ್ತದೆ. ಚೂರೂ ದಾಟದಿದ್ದರೆ ಬೆವರು ಒಳಗೇ ಉಳಿಯುತ್ತದೆ. ಇವೆರಡರ ನಡುವಿನದು ನಿಮಗೆ ಬೇಕಾದದ್ದು.

ಬಟ್ಟೆಗಿಂತ ಮುಖ್ಯವಾದದ್ದು ಅಳತೆ. ದರ್ಜಿಯ ಟೇಪಿನಿಂದ ತೋಳಿನ ಮೇಲ್ಭಾಗದ ಸುತ್ತಳತೆಯನ್ನೂ, ಕಂಕುಳ ಬಳಿಯಿಂದ ಮಣಿಕಟ್ಟಿನವರೆಗಿನ ಉದ್ದವನ್ನೂ ಅಳೆದುಕೊಂಡೇ ಅಂಗಡಿಗೆ ಹೋಗಿ. ಹಾಕಿಕೊಂಡ ಮೇಲೆ ಹ್ಯಾಂಡಲ್ ಹಿಡಿದಂತೆ ಮೊಣಕೈ ಮಡಿಸಿ ಐದು ನಿಮಿಷ ಇರಿ. ಮೊಣಕೈ ಒಳಭಾಗದಲ್ಲಿ ಹೊಲಿಗೆ ಒತ್ತಬಾರದು, ಮಣಿಕಟ್ಟು ಬರಿದಾಗಬಾರದು. ಜಾರದಿರಲೆಂದು ಮೇಲ್ತುದಿಯಲ್ಲಿ ಇಟ್ಟಿರುವ ಸಿಲಿಕೋನ್ ಪಟ್ಟಿಯೊಳಗೆ ಎರಡು ಬೆರಳು ಸುಲಭವಾಗಿ ತೂರಬೇಕು. ರಕ್ತ ಪರೀಕ್ಷೆಗೆ ಮುನ್ನ ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ನಿಮಗೆ ನೆನಪಿರಬಹುದು. ಬಿಗಿಯಾದ ತೋಳುಚೀಲವೂ ಅದೇ ಕೆಲಸ ಮಾಡುತ್ತದೆ. ಬೆಚ್ಚಗಿರುವ ಕೋಣೆಯಲ್ಲಿ ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ ಒಂದು ಅಳತೆ ದೊಡ್ಡದು ಕೊಳ್ಳಿ. ಕಿರುಬೆರಳು, ಉಂಗುರಬೆರಳು ಮಾತ್ರ ಜೋಮು ಹಿಡಿಯುತ್ತಿದ್ದರೆ ಹೆಚ್ಚಾಗಿ ಚೀಲದ ತಪ್ಪಲ್ಲ. ಅಂಗೈ ಬುಡದಲ್ಲಿ ಹ್ಯಾಂಡಲ್ ಅಲ್ನಾರ್ ನರವನ್ನು ಒತ್ತುತ್ತಿರುತ್ತದೆ. ಆಗಾಗ ಹಿಡಿತ ಬದಲಿಸಿ.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡ ಮಹಿಳೆಯರು ಆ ಕಡೆಯ ತೋಳಿಗೆ ಬಿಗಿ ಪಟ್ಟಿ ಹಾಕಬಾರದು, ತೋಳು ಊದಿಕೊಳ್ಳಬಹುದು. ತಂಪು ತಗುಲಿದೊಡನೆ ಬೆರಳು ಬಿಳಿಚಿ ನೀಲಿಗಟ್ಟುವವರು ಕೊಳ್ಳುವ ಮುನ್ನ ವೈದ್ಯರಿಗೆ ಕೈ ತೋರಿಸಿ.

ದುಡ್ಡು ಖರ್ಚು ಮಾಡುವ ಮುನ್ನ ಮನೆಯಲ್ಲಿ ಮಕ್ಕಳ ಹಳೆಯ ಫುಟ್‌ಬಾಲ್ ಕಾಲುಚೀಲ ಇದ್ದರೆ ಬೆರಳ ಕಡೆಯ ತುದಿ ಕತ್ತರಿಸಿ ತೋಳಿಗೆ ಏರಿಸಿ ನೋಡಿ. ಮುಂದೋಳಿಗಂತೂ ಧಾರಾಳ ಸಾಕು. ಎದೆಗೆ? ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯೇ ಇದೆ! ಟೂರ್ ಡಿ ಫ್ರಾನ್ಸ್ ಸ್ಪರ್ಧಿಗಳು ಬೆಟ್ಟ ಇಳಿಯುವ ಮುನ್ನ ಅಂಗಿಯೊಳಗೆ ದಿನಪತ್ರಿಕೆ ಸೇರಿಸಿಕೊಳ್ಳುತ್ತಿದ್ದುದು ಪ್ರಸಿದ್ಧ. ಬೆಳಗಾಗುವ ಮೊದಲೇ ಸೈಕಲ್ಲಿನಲ್ಲಿ ಪತ್ರಿಕೆ ಹಂಚುವ ಹುಡುಗನಿಗೂ ಇಂಥದೊಂದು ಜೊತೆ ಕೊಡಿಸಿದರೆ ಒಳ್ಳೆಯದು.

ಇನ್ನು ಆ ಬ್ಯಾಂಕ್ ಅಧಿಕಾರಿಯ ತೋಳುನೋವು. ಚಳಿಯಿಂದ ಬರುವ ಬಿಗುವು ಹೊರಟಾಗ ಹೆಚ್ಚು, ಮೈ ಬಿಸಿಯಾದಂತೆ ಕಡಿಮೆ. ಇವರದು ತಿರುಗುಮುರುಗು. ಏರು ಬಂದಾಗ ಎಡತೋಳಿನಲ್ಲಿ ಹಿಂಡಿದಂಥ ನೋವು. ನಿಂತು ಸುಧಾರಿಸಿಕೊಂಡರೆ ಐದು ನಿಮಿಷಕ್ಕೆ ಮಾಯ. ಎದೆನೋವು ಇರಲೇ ಇಲ್ಲ. ಸುಮ್ಮನೆ ಮಲಗಿದ್ದಾಗ ತೆಗೆದ ಇ.ಸಿ.ಜಿ. ಸರಿಯಾಗಿಯೇ ಇತ್ತು. ಆದರೂ ಹೃದಯ ತಜ್ಞರ ಬಳಿ ಕಳಿಸಿದೆ. ಹೃದಯದ ರಕ್ತನಾಳವೊಂದು ಬಹುಪಾಲು ಕಟ್ಟಿಕೊಂಡಿತ್ತು. ತಂಪಿನಲ್ಲಿ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುವುದರಿಂದ ಇಂಥ ನೋವು ಚಳಿಗಾಲದಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು. ನಿಮಗೂ ಹೀಗೆ ಆಗುತ್ತಿದ್ದರೆ ಸೈಕಲ್ ಪಕ್ಕಕ್ಕಿಟ್ಟು ಮೊದಲು ವೈದ್ಯರನ್ನು ಕಾಣಿ. ನಿಂತರೂ ನೋವು ಇಳಿಯದೆ ತಣ್ಣನೆಯ ಬೆವರು, ಉಸಿರುಕಟ್ಟು ಜೊತೆಗೂಡಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಅವರಿಗೆ ಸ್ಟೆಂಟ್ ಹಾಕಿದರು. ಕೆಲವು ತಿಂಗಳ ನಂತರ ತಜ್ಞರು ಒಪ್ಪಿದ ಮೇಲೆ ಮತ್ತೆ ಸೈಕಲ್ ಹತ್ತಿದ್ದಾರೆ, ಸದ್ಯಕ್ಕೆ ಸಮತಟ್ಟು ರಸ್ತೆಯಲ್ಲಿ ಮಾತ್ರ. ತೋಳುಚೀಲ ಆರಿಸಿದ್ದು ಅವರ ಹೆಂಡತಿ. ಮಂಜಿನಲ್ಲೂ ಲಾರಿಯವರಿಗೆ ಕಾಣಲಿ ಎಂದು ಢಾಳಾದ ಕಿತ್ತಳೆ ಬಣ್ಣದ್ದನ್ನೇ ತಂದರಂತೆ.