ತೈಲವರ್ಣ ವೆದರಿಂಗ್

ತೈಲವರ್ಣ ವೆದರಿಂಗ್ ಎಂಬುದು ರೈಲು, ವಾಹನ, ಕಟ್ಟಡ ಮೊದಲಾದವುಗಳ ಪ್ರಮಾಣಬದ್ಧ ಮಾದರಿಗಳ (ಸ್ಕೇಲ್ ಮಾಡೆಲ್) ಮೇಲೆ ಚಿತ್ರಕಾರರ ತೈಲವರ್ಣದಿಂದ ಧೂಳು, ತುಕ್ಕು, ಮಳೆನೀರಿನ ಕಲೆ, ಪಾಚಿ ಮತ್ತು ಬಿಸಿಲಿಗೆ ಮಾಸಿದ ಬಣ್ಣವನ್ನು ಮೂಡಿಸುವ ವಿಧಾನವಾಗಿದೆ. ಭೂವಿಜ್ಞಾನದಲ್ಲಿ ವೆದರಿಂಗ್ ಎಂದರೆ ಶಿಲೆಗಳ ಶಿಥಿಲೀಕರಣ. ಮಾದರಿ ತಯಾರಿಕೆಯಲ್ಲಿ ಅದು ಹೊಸ ವಸ್ತುವಿಗೆ ಬಳಕೆಯ ಮತ್ತು ಹವೆಯ ಗುರುತುಗಳನ್ನು ಕೊಡುವ ಕೆಲಸವನ್ನು ಸೂಚಿಸುತ್ತದೆ. ಈ ಗುರುತುಗಳು ಊರಿಂದೂರಿಗೆ ಬೇರೆಯಾಗುತ್ತವೆ. ಈ ಲೇಖನದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಪರಿಸರವನ್ನು ಉದಾಹರಣೆಯಾಗಿ ಬಳಸಲಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್, ಅಮೆರಿಕ ಮತ್ತು ಜಪಾನ್ ದೇಶಗಳಲ್ಲಿ ಪ್ಲಾಸ್ಟಿಕ್ ಮಾದರಿ ಕಿಟ್‌ಗಳು ಜನಪ್ರಿಯವಾದವು. ಆರಂಭದಲ್ಲಿ ಮಾದರಿಗಳಿಗೆ ಒಂದೇ ಸಮನಾದ ಬಣ್ಣ ಹಚ್ಚುವುದು ವಾಡಿಕೆಯಾಗಿತ್ತು. 1970 ಮತ್ತು 1980ರ ದಶಕಗಳಲ್ಲಿ ಅಮೆರಿಕದ ಶೆಪ್ ಪೇನ್, ಬೆಲ್ಜಿಯಂನ ಫ್ರಾಂಸ್ವಾ ವರ್ಲಿಂಡೆನ್ ಮೊದಲಾದವರ ಕೃತಿಗಳಿಂದಾಗಿ ನೆರಳು, ಕೊಳೆ ಮತ್ತು ಸವೆತಗಳನ್ನು ತೋರಿಸುವ ಕ್ರಮ ಹರಡಿತು. ಯುದ್ಧವಾಹನಗಳ ಮಾದರಿಗಳಲ್ಲಿ ಬೆಳೆದ ಈ ವಿಧಾನವನ್ನು ಇಂದು ರೈಲು, ಬಸ್ಸು ಮತ್ತು ಕಟ್ಟಡಗಳ ಮಾದರಿಗಳಿಗೂ ಬಳಸುತ್ತಾರೆ.

ತೈಲವರ್ಣದ ಗುಣಗಳು

ತೈಲವರ್ಣವೆಂದರೆ ನುಣ್ಣಗೆ ಅರೆದ ವರ್ಣದ್ರವ್ಯವನ್ನು ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆಯಲ್ಲಿ ಕಲಸಿದ ಲೇಪ. ನೀರು ಆವಿಯಾಗಿ ಒಣಗುವ ಆಕ್ರಿಲಿಕ್ ಬಣ್ಣದಂತೆ ಅದು ಒಣಗುವುದಿಲ್ಲ. ಅದರ ಎಣ್ಣೆಯು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಚಿತ್ರಕಾರನಿಗೆ ಕೆಲವೊಮ್ಮೆ ತೊಡಕೆನಿಸುವ ಈ ನಿಧಾನವೇ ಮಾದರಿ ತಯಾರಕನಿಗೆ ಅನುಕೂಲ. ಹಚ್ಚಿದ ಬಣ್ಣವನ್ನು ಗಂಟೆಗಳ ನಂತರವೂ ತಿದ್ದಬಹುದು, ತೆಳುವಾಗಿಸಬಹುದು ಅಥವಾ ಪೂರ್ತಿ ಒರೆಸಿ ತೆಗೆಯಬಹುದು.

ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಒಣಗುವುದಿಲ್ಲ. ಅಂಬರ್ ಎಂಬ ಕಂದು ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್‌ನಂತಹ ಕಪ್ಪು ಬಣ್ಣ ತಡವಾಗಿ ಒಣಗುತ್ತದೆ. ಟ್ಯೂಬಿನಿಂದ ತೆಗೆದ ಬಣ್ಣವನ್ನು ರಟ್ಟಿನ ತುಂಡಿನ ಮೇಲೆ ಸ್ವಲ್ಪ ಹೊತ್ತು ಇಟ್ಟರೆ ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಹೀಗೆ ಮಾಡಿದ ಬಣ್ಣ ಬೇಗ ಒಣಗುವುದಲ್ಲದೆ ಹೊಳಪಿಲ್ಲದೆ ಧೂಳಿನಂತೆ ಕಾಣುತ್ತದೆ.

ವಿಧಾನ

ಮಾದರಿಗೆ ಮೊದಲು ಆಕ್ರಿಲಿಕ್ ಬಣ್ಣ ಹಚ್ಚಿ, ಒಣಗಿದ ಮೇಲೆ ಆಕ್ರಿಲಿಕ್ ವಾರ್ನಿಶ್‌ನ ರಕ್ಷಣಾ ಲೇಪ ಕೊಡಬೇಕು. ಒಂದು ದಿನ ಬಿಟ್ಟು ತೈಲವರ್ಣದ ಕೆಲಸ ಆರಂಭಿಸುವುದು ಕ್ಷೇಮ. ತೆಳುಗೊಳಿಸಲು ವಾಸನೆ ಕಡಿಮೆಯಿರುವ ವೈಟ್ ಸ್ಪಿರಿಟ್ ಸೂಕ್ತ. ಬಣ್ಣ ಹಚ್ಚದ ಪ್ಲಾಸ್ಟಿಕ್ ಮೇಲೆ ಅದು ನಿಂತರೆ ಜೋಡಣೆಗಳಲ್ಲಿ ಬಿರುಕು ಬರಬಹುದು. ಮುಖ್ಯ ಕ್ರಮಗಳು ಹೀಗಿವೆ:

- ವಾಶ್: ತುಂಬ ತೆಳುಗೊಳಿಸಿದ ಗಾಢ ಬಣ್ಣವನ್ನು ಸಂದುಗಳಿಗೆ, ರಿವೆಟ್‌ಗಳ ಸುತ್ತ ಹರಿಯಬಿಟ್ಟು ನೆರಳನ್ನು ಮೂಡಿಸುವುದು.
- ಫಿಲ್ಟರ್: ಇನ್ನೂ ತೆಳುವಾದ ಬಣ್ಣವನ್ನು ಇಡೀ ಮೇಲ್ಮೈಗೆ ಸವರಿ ಮೂಲಬಣ್ಣದ ಛಾಯೆಯನ್ನು ಸ್ವಲ್ಪ ಬದಲಿಸುವುದು.
- ಚುಕ್ಕೆ ವಿಧಾನ: ಮೂರು ನಾಲ್ಕು ಬಣ್ಣಗಳ ಸಣ್ಣ ಚುಕ್ಕೆಗಳನ್ನಿಟ್ಟು, ವೈಟ್ ಸ್ಪಿರಿಟ್‌ನಿಂದ ತುಸು ಒದ್ದೆಯಾದ ಕುಂಚದಿಂದ ಅವುಗಳನ್ನು ಬೆರೆಸಿ ಮಾಸಿದ ಮೇಲ್ಮೈಯನ್ನು ತೋರಿಸುವುದು.
- ಇಳಿಗೆರೆ: ಚುಕ್ಕೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಮಳೆನೀರು ಅಥವಾ ತುಕ್ಕು ಇಳಿದ ಗುರುತು ಮೂಡಿಸುವುದು.
- ಒಣ ಕುಂಚ: ಬಣ್ಣವನ್ನು ಬಹುಪಾಲು ಒರೆಸಿದ ಕುಂಚವನ್ನು ಅಂಚುಗಳ ಮೇಲೆ ಆಡಿಸಿ ಸವೆತ ತೋರಿಸುವುದು.

ಸ್ಥಳೀಯ ಬಣ್ಣಗಳು

ವಿದೇಶಿ ಕೈಪಿಡಿಗಳಲ್ಲಿ ಹೇಳುವ ಬೂದು ಮಿಶ್ರಿತ ಕಂದು ಕೆಸರು ಯುರೋಪಿನ ಮಣ್ಣಿಗೆ ಹೊಂದುತ್ತದೆ. ಪುತ್ತೂರು, ಸುಳ್ಯ, ಕಡಬ ಪ್ರದೇಶದಲ್ಲಿ ವ್ಯಾಪಕವಾಗಿರುವುದು ಮುರಕಲ್ಲು ಮತ್ತು ಅದರ ಕೆಂಪು ಮಣ್ಣು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬಳಸಿದನು; ಲ್ಯಾಟಿನ್ ಭಾಷೆಯ 'ಲೇಟರ್' ಎಂದರೆ ಇಟ್ಟಿಗೆ. ಬಿಸಿಲು ಮಳೆಗಳಿಗೆ ಸಿಕ್ಕಿ ಶಿಲೆ ಶಿಥಿಲವಾದಾಗ ಉಳಿದುಕೊಳ್ಳುವ ಕಬ್ಬಿಣದ ಆಕ್ಸೈಡುಗಳೇ ಅದರ ಕೆಂಪಿಗೆ ಕಾರಣ. ಬರ್ಂಟ್ ಸಿಯೆನ್ನಾ, ಯೆಲ್ಲೊ ಓಕರ್ ಮೊದಲಾದ ಮಣ್ಣುಬಣ್ಣಗಳ ವರ್ಣಕ್ಕೂ ಕಬ್ಬಿಣದ ಆಕ್ಸೈಡುಗಳೇ ಕಾರಣ. ಆದ್ದರಿಂದ ಇಲ್ಲಿನ ಧೂಳನ್ನು ಚಿತ್ರಿಸಲು ಅತಿ ಹತ್ತಿರದ ದ್ರವ್ಯ ತೈಲವರ್ಣದ ಟ್ಯೂಬಿನಲ್ಲಿಯೇ ಇದೆ. ಬೇಸಿಗೆಯ ಒಣ ಧೂಳಿಗೆ ಬರ್ಂಟ್ ಸಿಯೆನ್ನಾದೊಂದಿಗೆ ಓಕರ್ ಮತ್ತು ಸ್ವಲ್ಪ ಬಿಳಿಯನ್ನೂ, ಮಳೆಗಾಲದ ಕೆಸರಿಗೆ ಬರ್ಂಟ್ ಅಂಬರನ್ನೂ ಬೆರೆಸಬೇಕು.

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವುದರಿಂದ ಕಟ್ಟಡಗಳ ಮೇಲೆ ಧೂಳಿಗಿಂತ ನೀರಿನ ಗುರುತೇ ಹೆಚ್ಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ನಂತರ ಬಳಕೆಗೆ ಬಂದ ಹೆಂಚು ಹೊಸದಿದ್ದಾಗ ಕಿತ್ತಳೆಗೆಂಪಾಗಿದ್ದು, ಕೆಲವು ಮಳೆಗಾಲಗಳ ನಂತರ ಪಾಚಿಯಿಂದ ಕಪ್ಪಾಗುತ್ತದೆ. ಮರದ ನೆರಳು ಬೀಳುವ ಭಾಗ ಹಸಿರಾಗಿರುತ್ತದೆ. ಗೋಡೆಯ ಬುಡದಲ್ಲಿ ಸೂರಿನ ನೀರು ಚಿಮ್ಮಿಸಿದ ಕೆಂಪು ಪಟ್ಟಿ ಕಾಣುತ್ತದೆ.

ಅಡಿಕೆ ತೋಟದ ಪಂಪು, ಡ್ರಮ್ಮು, ತೊಟ್ಟಿಗಳ ಮಾದರಿಯಲ್ಲಿ ಮತ್ತೊಂದು ಗುರುತು ಅಗತ್ಯ. ಕೊಳೆರೋಗದ ತಡೆಗೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋಗ್ರಾಂ ಮೈಲುತುತ್ತು ಮತ್ತು 1 ಕಿಲೋಗ್ರಾಂ ಸುಣ್ಣ ಇರುತ್ತದೆ. ಅದು ಒಣಗಿದಲ್ಲಿ ತಿಳಿನೀಲಿ ಬಣ್ಣದ ಕಲೆ ಉಳಿಯುತ್ತದೆ. ಬಿಳಿ ಬಣ್ಣಕ್ಕೆ ನೀಲಿ ಮತ್ತು ಹಸಿರಿನ ಸುಳಿವು ಕೊಟ್ಟು ಚುಕ್ಕೆ ಹಾಗೂ ಇಳಿಗೆರೆಗಳಿಂದ ಇದನ್ನು ತೋರಿಸಬಹುದು.

ಉದಾಹರಣೆ: ಮೀಟರ್ ಗೇಜ್ ಬೋಗಿ

ಮಂಗಳೂರು–ಹಾಸನ ರೈಲುಮಾರ್ಗವು ಕಬಕ-ಪುತ್ತೂರು ನಿಲ್ದಾಣವನ್ನು ದಾಟಿ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದ ಮೂಲಕ ಘಟ್ಟ ಏರುತ್ತದೆ. ಅಲ್ಲಿಂದ ಸಕಲೇಶಪುರದವರೆಗೆ 57 ಸುರಂಗಗಳಿವೆ. 1979ರಲ್ಲಿ ಪೂರ್ಣಗೊಂಡ ಈ ಮಾರ್ಗ ಮೀಟರ್ ಗೇಜ್ ಆಗಿತ್ತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ಘಟ್ಟದ ಸಂಚಾರ ನಿಂತಿತು. ಬ್ರಾಡ್ ಗೇಜ್‌ನಲ್ಲಿ 2006ರಲ್ಲಿ ಸರಕು ರೈಲು, 2007ರಲ್ಲಿ ಪ್ರಯಾಣಿಕರ ರೈಲು ಓಡತೊಡಗಿದವು. ಮೀಟರ್ ಗೇಜ್ ರೈಲನ್ನು ಈ ಹಳಿಯ ಮೇಲೆ ಇನ್ನು ನೋಡಲಾಗದು. ಅದನ್ನು ಕಾಣದ ಪೀಳಿಗೆಗೆ ಮಾದರಿಯೂ ಒಂದು ದಾಖಲೆ. 1:87 ಪ್ರಮಾಣದಲ್ಲಿ ಅದಕ್ಕೆ 12 ಮಿಲಿಮೀಟರ್ ಅಗಲದ ಹಳಿ ಬಳಸುತ್ತಾರೆ.

ಇಂತಹ ದಾಖಲೆಯಲ್ಲಿ ಬಣ್ಣ ತಪ್ಪಲು ಎರಡು ಕಾರಣಗಳಿವೆ. ಮೊದಲನೆಯದಾಗಿ, ಆ ಕಾಲದ ಬೋಗಿಗಳು ಇಟ್ಟಿಗೆಗೆಂಪು ಬಣ್ಣದವು. ಕೆಂಪಿನ ಮೇಲೆ ಕೆಂಪು ಧೂಳು ಎದ್ದು ಕಾಣುವುದಿಲ್ಲ. ಆದ್ದರಿಂದ ಧೂಳಿನ ಬಣ್ಣವನ್ನು ಬೋಗಿಗಿಂತ ತಿಳಿಯಾಗಿಸಿ ಕೆಳಭಾಗಕ್ಕೆ ಹೆಚ್ಚಾಗಿ ಹಚ್ಚಬೇಕು. ಗಾಲಿಗಳ ಸುತ್ತ ಬ್ರೇಕಿನ ಕಬ್ಬಿಣದ ಪುಡಿಗೆ ಗಾಢ ಅಂಬರ್ ಬೇಕು. ಎರಡನೆಯದಾಗಿ, ಹಳೆಯ ಬಣ್ಣದ ಫೋಟೋಗಳು ಮಾಸುವಾಗ ಅನೇಕ ವೇಳೆ ಕೆಂಪಿಗೆ ತಿರುಗುತ್ತವೆ. ಅವನ್ನು ಮಾತ್ರ ನಂಬಿದರೆ ಮಾದರಿಯೂ ಅತಿ ಕೆಂಪಾಗುತ್ತದೆ. ರೈಲು ಹೋದರೂ ಹಳಿಯ ಬದಿಯ ಮಣ್ಣು ಉಳಿದಿದೆ. ಆ ಮಣ್ಣನ್ನು ಚಿಟಿಕೆಯಷ್ಟು ತಂದು, ಒಣಗಿಸಿ, ಹಗಲ ಬೆಳಕಿನಲ್ಲಿ ಬೆರೆಸಿದ ಬಣ್ಣದ ಪಕ್ಕದಲ್ಲಿಟ್ಟು ಹೋಲಿಸುವುದು ವಿಶ್ವಾಸಾರ್ಹ ಕ್ರಮ.

ಎಚ್ಚರಿಕೆಗಳು

ಮಳೆಗಾಲದ ತೇವದಲ್ಲಿ ತೈಲವರ್ಣ ಒಣಗಲು ಹೆಚ್ಚು ದಿನ ಬೇಕಾಗಬಹುದು. ಪೂರ್ತಿ ಒಣಗದೆ ಮೇಲಿನ ವಾರ್ನಿಶ್ ಹಚ್ಚಿದರೆ ಅದು ಬಿರಿಯುವ ಸಂಭವವಿದೆ. ವೈಟ್ ಸ್ಪಿರಿಟ್ ಬಳಸುವಾಗ ಗಾಳಿಯಾಡುವ ಕೋಣೆಯಲ್ಲಿ, ಬೆಂಕಿಯಿಂದ ದೂರ ಕೆಲಸ ಮಾಡಬೇಕು. ಕ್ಯಾಡ್ಮಿಯಂ ಅಥವಾ ಸೀಸವಿರುವ ಬಣ್ಣಗಳನ್ನು ಮಕ್ಕಳ ಕೈಗೆ ಕೊಡಬಾರದು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಇಟ್ಟರೆ ಆಕ್ಸೀಕರಣದ ಬಿಸಿಯಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಹಾಕಬೇಕು.