ಪ್ರತಿದಿನದ ಪಾಸ್ಖ: ಶನಿವಾರವನ್ನು ಮರೆಯದಿರೋಣ

"ಪಾಸ್ಖ ಹಬ್ಬ ಬಂತು, ಹೋಯಿತು ಸ್ವಾಮಿ. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಶುಭ ಶುಕ್ರವಾರವೇ ಇದೆ."

ಕೆಲವು ವರ್ಷಗಳ ಹಿಂದೆ, ಪುನರುತ್ಥಾನ ಮಹೋತ್ಸವದ ಮರುವಾರ, ಶ್ರೀನಿವಾಸಪುರ ಸೀಮೆಯ ಹಳ್ಳಿಯೊಂದರಲ್ಲಿ ಮನೆಗಳನ್ನು ಮಂತ್ರಿಸಲು ಹೋಗಿದ್ದಾಗ ಒಬ್ಬ ತಾಯಿ ನಮಗೆ ಹೇಳಿದ ಮಾತಿದು. ಆಕೆಯ ಹಿರಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ತಪಸ್ಸುಕಾಲದ ಆರಂಭದಲ್ಲಿ ಬೈಕಿನಲ್ಲಿ ಊರಿಗೆ ಮರಳುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡಿದ್ದ. ಗೋಡೆಯ ಮೇಲೆ ಯೇಸುಸ್ವಾಮಿಯ ಪವಿತ್ರ ಹೃದಯದ ಪಟ. ಅದರ ಕೆಳಗೆ, ಇನ್ನೂ ಹೊಸತಾಗಿಯೇ ಇದ್ದ ಚೌಕಟ್ಟಿನಲ್ಲಿ ಮಗನ ಭಾವಚಿತ್ರ. ಹೊರಗೆ ತೋಟದಲ್ಲಿ ಮಾವಿನ ಕಾಯಿ ಬಲಿಯುತ್ತಿತ್ತು. ಒಳಗೆ ಕಾಲ ನಿಂತುಹೋಗಿತ್ತು.

ನಾವು ಕಲಿತದ್ದನ್ನೇ ಹೇಳಿದೆವು. ನಿಮ್ಮ ಮಗ ದೇವರ ಸನ್ನಿಧಿಯಲ್ಲಿದ್ದಾನೆ. ಪ್ರಭು ಯೇಸುಕ್ರಿಸ್ತರು ಮರಣವನ್ನು ಜಯಿಸಿದ್ದಾರೆ. ಆದ್ದರಿಂದ ಅಳಬೇಡಿರಮ್ಮಾ ಎಂದೆವು. ಇದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಆ ತಾಯಿ ತಲೆ ತಗ್ಗಿಸಿದರು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟರು. ಮತ್ತೆ ಮಾತನಾಡಲಿಲ್ಲ. ಮುಂದಿನ ಹಲವು ಭಾನುವಾರಗಳ ಬಲಿಪೂಜೆಯಲ್ಲಿ ಅವರು ಕೂರುತ್ತಿದ್ದ ಸ್ಥಳ ಬರಿದಾಗಿತ್ತು.

ಸತ್ಯವನ್ನು ನುಡಿದೂ ನಾವು ತಪ್ಪಿದ್ದೆಲ್ಲಿ? ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ಅದರ ಉತ್ತರವನ್ನು ಅರಸುತ್ತಾ ಹೋದಾಗ, ಯೇಸುಸ್ವಾಮಿಯ ಮರಣ ಮತ್ತು ಪುನರುತ್ಥಾನವನ್ನು ಕ್ರೈಸ್ತರಾದ ನಾವು ದಿನನಿತ್ಯ ಹೇಗೆ ಧ್ಯಾನಿಸಬೇಕೆಂಬುದೂ ಅಲ್ಪಸ್ವಲ್ಪ ತಿಳಿಯಿತು. ಅದನ್ನೇ ಇಂದು ಓದುಗ ಕುಟುಂಬಗಳೊಡನೆ ಹಂಚಿಕೊಳ್ಳಲು ಬಯಸುತ್ತೇವೆ.

ಸಾಕ್ರೆಟಿಸನ ಶಾಂತಿ, ಗೆತ್ಸೆಮನೆಯ ಬೆವರು

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ಗ್ರೀಸ್ ದೇಶದ ಜ್ಞಾನಿ ಸಾಕ್ರೆಟಿಸನ ಮರಣದ ಪ್ರಸಂಗ ನಮ್ಮನ್ನು ಬೆರಗುಗೊಳಿಸಿತ್ತು. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸ್ ನಗರವು ಆತನಿಗೆ ಮರಣದಂಡನೆ ವಿಧಿಸಿತು. ಶಿಷ್ಯರು ಅಳುತ್ತಿರಲು, ಆತ ಅವರನ್ನು ಗದರಿಸಿ, ಆತ್ಮದ ಅಮರತ್ವವನ್ನು ಕುರಿತು ಚರ್ಚಿಸಿ, ಅಳುಕದೆ ವಿಷದ ಬಟ್ಟಲನ್ನು ಬರಿದುಮಾಡಿದನೆಂದು ಪ್ಲೇಟೋ ಬರೆದಿದ್ದಾನೆ. ಸಾವು ಎಂಬುದು ಆತನಿಗೆ ದೇಹವೆಂಬ ಸೆರೆಮನೆಯಿಂದ ಬಿಡುಗಡೆ.

ಶುಭಸಂದೇಶಗಳು ಹೇಳುವ ಪ್ರಸಂಗ ಹೀಗಿಲ್ಲ. ಗೆತ್ಸೆಮನೆಯ ತೋಪಿನಲ್ಲಿ ಯೇಸು ಸಂಕಟಪಟ್ಟರು; ಅವರ ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಸಂತ ಲೂಕರು ದಾಖಲಿಸಿದ್ದಾರೆ. ಸಾಧ್ಯವಾದರೆ ಈ ಪಾತ್ರೆ ತಮ್ಮಿಂದ ತೊಲಗಲೆಂದು ಅವರು ತಂದೆಯಲ್ಲಿ ಬೇಡಿದರು. ಅದಕ್ಕೂ ಮುಂಚೆ, ಬೆಥಾನಿಯದಲ್ಲಿ ಗೆಳೆಯ ಲಾಜರನ ಸಮಾಧಿಯ ಬಳಿಗೆ ಬಂದಾಗ, ಇನ್ನು ಕೆಲವೇ ಕ್ಷಣಗಳಲ್ಲಿ ಅವನನ್ನು ಎಬ್ಬಿಸುವೆನೆಂದು ಬಲ್ಲವರಾಗಿಯೂ ಕಣ್ಣೀರು ಸುರಿಸಿದರು. ಮರಿಯಳಿಗಾಗಲಿ ಮಾರ್ತಳಿಗಾಗಲಿ ಅವರು ಅಳಬೇಡವೆನ್ನಲಿಲ್ಲ, ಅವರೊಡನೆ ಅತ್ತರು.

ಆ ಹಳ್ಳಿಯ ಮನೆಯಲ್ಲಿ ನಾವು ಆಡಿದ್ದು ಕ್ರಿಸ್ತರ ಹೆಸರು ಹೊತ್ತ ಮಾತು. ಅದರ ಧಾಟಿ ಮಾತ್ರ ಸಾಕ್ರೆಟಿಸನದು. ಕ್ರೈಸ್ತ ವಿಶ್ವಾಸಕ್ಕೆ ಸಾವು ಗೆಳೆಯನಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅದನ್ನು ಕಟ್ಟಕಡೆಯ ಶತ್ರುವೆಂದೇ ಕರೆದರು. ಶತ್ರುವು ನಿಜವಾದರೆ ಗಾಯವೂ ನಿಜ. ಗಾಯ ನಿಜವಾದರೆ ಮಾತ್ರ ವಿಜಯವೂ ನಿಜ.

ಪುನರುತ್ಥಾನವು ಪ್ರಕೃತಿಯ ಚಕ್ರವೂ ಅಲ್ಲ, ಪುನರ್ಜನ್ಮವೂ ಅಲ್ಲ. ಮಾವಿನ ಮರ ಎಲೆ ಉದುರಿಸಿ ಮತ್ತೆ ಚಿಗುರುತ್ತದೆ. ಚಿಗುರಿದ್ದು ಮತ್ತೆ ಉದುರುತ್ತದೆ. ರೇಷ್ಮೆಗೂಡನ್ನು ಪುನರುತ್ಥಾನಕ್ಕೆ ಹೋಲಿಸಿ ಪ್ರಬೋಧನೆ ಮಾಡುವವರುಂಟು. ಆದರೆ ರೇಷ್ಮೆ ಬೆಳೆಯುವ ನಮ್ಮ ಕೋಲಾರ ಜಿಲ್ಲೆಯ ರೈತರಿಗೆ ಗೊತ್ತು: ನೂಲು ಬಿಚ್ಚುವ ಗೂಡಿನೊಳಗಿನ ಹುಳು ಚಿಟ್ಟೆಯಾಗಿ ಹೊರಬರುವುದಿಲ್ಲ, ಕುದಿಯುವ ನೀರಿನಲ್ಲಿ ಸಾಯುತ್ತದೆ. ಪ್ರಕೃತಿ ತನ್ನಷ್ಟಕ್ಕೆ ತಾನೇ ಸತ್ತವರನ್ನು ಹಿಂದಿರುಗಿಸದು. ಲಾಜರನು ಕೂಡ ಎದ್ದು ಬಂದು ಮುಂದೊಮ್ಮೆ ಸಾಯಬೇಕಾಯಿತು. ಕ್ರಿಸ್ತರಾದರೋ ಇನ್ನೆಂದೂ ಸಾಯದ ಜೀವಕ್ಕೆ ಎದ್ದರು. ಇದು ತಂದೆಯಾದ ದೇವರು ಎಸಗಿದ ಹೊಸ ಸೃಷ್ಟಿ. ನಮ್ಮ ನಂಬಿಕೆಯ ಬುಡ ಇದೊಂದೇ.

ನಡುವಿನ ದಿನ

ಶುಕ್ರವಾರಕ್ಕೂ ಭಾನುವಾರಕ್ಕೂ ನಡುವೆ ಒಂದು ದಿನವಿದೆ. ಅಂದು ಪೀಠದ ಮೇಲೆ ವಸ್ತ್ರವಿಲ್ಲ, ಪರಮಪ್ರಸಾದದ ಪೆಟ್ಟಿಗೆ ಬರಿದು, ಇರುಳಿನವರೆಗೆ ಬಲಿಪೂಜೆಯಿಲ್ಲ. ಶುಭಸಂದೇಶಕಾರರೂ ಆ ದಿನದ ಬಗ್ಗೆ ಬಹುಮಟ್ಟಿಗೆ ಮೌನ. ಆ ಮೌನವನ್ನು ತಾಳಲಾರದೆ ನಾವು ಬೇಗಬೇಗನೆ ಹಬ್ಬದ ಸಿದ್ಧತೆಗೆ ತೊಡಗುತ್ತೇವೆ.

ಈ ಆತುರ ನಮ್ಮ ಕಾಲದ್ದು ಮಾತ್ರವಲ್ಲ. ಕೆಲವು ಶತಮಾನಗಳ ಕಾಲ ಪಾಸ್ಖ ಜಾಗರಣೆಯ ವಿಧಿಗಳನ್ನು ಶನಿವಾರದ ಬೆಳಿಗ್ಗೆಯೇ ಮುಗಿಸುವ ರೂಢಿ ಬೆಳೆದಿತ್ತು. ಹಗಲು ಬೆಳಕಿನಲ್ಲಿ ಹೊಸ ಬೆಂಕಿಯನ್ನು ಹೊತ್ತಿಸಿ, ಇರುಳಿನ ಮಹಿಮೆಯನ್ನು ಹಾಡುತ್ತಿದ್ದರು! ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೆಯ ಪಿಯುಸ್, 1951ರಲ್ಲಿ ಆ ಜಾಗರಣೆಯನ್ನು ರಾತ್ರಿಗೆ ಮರಳಿಸಲು ಅನುಮತಿಯಿತ್ತರು; 1955ರ ಪವಿತ್ರ ವಾರದ ಸುಧಾರಣೆಯಲ್ಲಿ ಅದನ್ನು ಎಲ್ಲೆಡೆಗೂ ನಿಯಮವಾಗಿಸಿದರು. ಹೀಗೆ ಶನಿವಾರದ ಹಗಲು ಮತ್ತೆ ಕಾಯುವ ಹಗಲಾಯಿತು. ಕತ್ತಲೆಯನ್ನು ಕತ್ತಲೆಯೆಂದು ಒಪ್ಪಿಕೊಂಡವನಿಗೇ ದೀಪದ ಅಗತ್ಯ ತಿಳಿಯುವುದು.

ಆ ತಾಯಿ ಶನಿವಾರದಲ್ಲಿದ್ದರು. ನಾವು ಆಕೆಯನ್ನು ಕೈಹಿಡಿದು ಭಾನುವಾರಕ್ಕೆ ಎಳೆಯಲು ಹೋಗಿದ್ದೆವು.

ಅದೇ ವರ್ಷ ನವೆಂಬರ್ 2ರಂದು, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ, ಸಮಾಧಿಗಳನ್ನು ಮಂತ್ರಿಸುತ್ತಾ ಹೋದಾಗ ಆಕೆ ಮಗನ ಸಮಾಧಿಯ ಬಳಿ ಮೇಣದಬತ್ತಿ ಹಚ್ಚುತ್ತಿದ್ದರು. ಗಾಳಿಗೆ ಅದು ಆರಿಹೋಗುತ್ತಿತ್ತು. ನಾವು ಏನೂ ಹೇಳದೆ ಅಂಗೈಯನ್ನು ಅಡ್ಡ ಹಿಡಿದು ನಿಂತೆವು. ಬತ್ತಿ ಉರಿಯತೊಡಗಿದ ಮೇಲೆ ಆಕೆ ಕೇಳಿದರು: "ಅವತ್ತು ನೀವು ಅಳಬೇಡ ಅಂದ್ರಿ ಸ್ವಾಮಿ. ಶಿಲುಬೆಯ ಕೆಳಗೆ ನಿಂತಿದ್ದ ಮಾತೆ ಮರಿಯಮ್ಮನಿಗೂ ಯಾರಾದರೂ ಹಾಗಂದರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆವು. ಮುಂದಿನ ಭಾನುವಾರ ಆಕೆ ಬಲಿಪೂಜೆಗೆ ಬಂದರು.

ಒಂದು ದಿನದೊಳಗೆ ಮೂರು ದಿನ

ತಾನು ದಿನವೂ ಸಾಯುತ್ತಿದ್ದೇನೆಂದು ಸಂತ ಪೌಲರು ಅದೇ ಪತ್ರದಲ್ಲಿ ಬರೆದರು. ಹಾಗಾದರೆ ದಿನವೂ ಏಳಬೇಕಲ್ಲವೇ? ಪಾಸ್ಖವನ್ನು ವರ್ಷಕ್ಕೊಮ್ಮೆ ಬರುವ ಹಬ್ಬವೆಂದು ಧರ್ಮಸಭೆ ಎಂದೂ ಭಾವಿಸಿಲ್ಲ. ಪ್ರತಿ ಭಾನುವಾರವೂ ಪುನರುತ್ಥಾನದ ದಿನವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನದಲ್ಲಿ ನೆನಪಿಸಿತು. ಪ್ರತಿ ಬಲಿಪೂಜೆಯಲ್ಲಿ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪವಿತ್ರೀಕರಿಸಿದೊಡನೆ, ನಾವೆಲ್ಲರೂ ಪ್ರಭುವಿನ ಮರಣ, ಪುನರುತ್ಥಾನ, ಮರುಆಗಮನ ಮೂರನ್ನೂ ಒಂದೇ ಉಸಿರಿನಲ್ಲಿ ಸಾರುತ್ತೇವೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವಾಲಯದ ಗಂಟೆ ಬಾರಿಸಿದಾಗ ಹೇಳುವ ತ್ರಿಕಾಲ ಪ್ರಾರ್ಥನೆಯೂ ಮುಗಿಯುವುದು ಪ್ರಭುವಿನ ಪಾಡು ಮತ್ತು ಶಿಲುಬೆಯ ಮೂಲಕ ಪುನರುತ್ಥಾನದ ಮಹಿಮೆಗೆ ಸೇರಿಸೆಂಬ ಬೇಡಿಕೆಯೊಂದಿಗೆ. ಆದ್ದರಿಂದ ಹೊಸ ವ್ರತವೇನೂ ಬೇಡ. ಇರುವ ದಿನದೊಳಗೇ ಆ ಮೂರು ದಿನಗಳನ್ನು ಕಾಣಲು ಕಲಿತರೆ ಸಾಕು.

ಮಧ್ಯಾಹ್ನ ನಮ್ಮ ಶುಕ್ರವಾರ. ನಡುಹಗಲಿನಿಂದ ಮೂರು ಗಂಟೆಯವರೆಗೆ ಕತ್ತಲೆ ಕವಿದಿತ್ತೆಂದು ಶುಭಸಂದೇಶ ಹೇಳುತ್ತದೆ. ಆ ಹೊತ್ತಿನಲ್ಲಿ ಒಂದು ನಿಮಿಷ ಕೆಲಸ ನಿಲ್ಲಿಸಿ, ಇಂದು ನಮ್ಮಲ್ಲಿ ಏನು ಸತ್ತಿತು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳೋಣ. 2025ರ ಜೂನ್ ತಿಂಗಳಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು, ನೆರೆಯ ಚಿತ್ತೂರು ಜಿಲ್ಲೆಯೂ ಕರ್ನಾಟಕದ ಕಾಯಿಗೆ ಪ್ರವೇಶ ನಿರಾಕರಿಸಿದಾಗ, ಶ್ರೀನಿವಾಸಪುರದ ಬೆಳೆಗಾರರು ಬೀದಿಗಿಳಿದುದು ಎಲ್ಲರಿಗೂ ನೆನಪಿದೆ. ಕಾಯಿ ಕೀಳಿಸಿದ ಕೂಲಿಯೂ ಹುಟ್ಟದ ರೈತನಿಗೆ ಅದು ಶುಕ್ರವಾರವೇ. ಫೇಲಾದ ಮಗಳಿಗೆ, ಕುಡಿತ ಬಿಡಲಾರದ ತಂದೆಗೆ, ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ನಲುಗಿದ ಮನೆಗೆ ತಮ್ಮ ತಮ್ಮ ಶುಕ್ರವಾರಗಳಿವೆ. ಅವುಗಳಿಗೆ ಸುಣ್ಣ ಬಳಿಯದೆ ಶಿಲುಬೆಯ ಬಳಿ ಇಡುವುದೇ ಮಧ್ಯಾಹ್ನದ ಪ್ರಾರ್ಥನೆ.

ರಾತ್ರಿ ನಮ್ಮ ಶನಿವಾರ. ಇಳಿಯುವುದು, ಏರುವುದು ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಕೋಲಾರ ಚಿನ್ನದ ಗಣಿಗಳಲ್ಲಿ 1880ರ ದಶಕದಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ತಲೆಮಾರುಗಳ ಕಾಲ ಕಾರ್ಮಿಕರು ಭೂಮಿಯ ಒಡಲಿಗೆ ಇಳಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು. ಯಾವ ಗಳಿಗೆಯಲ್ಲಿ ಬಂಡೆ ಸಿಡಿಯುವುದೋ ತಿಳಿಯದು. ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಕೆಳಗಿಳಿಯುತ್ತಿದ್ದೆವೆಂದು ಅಲ್ಲಿನ ಹಿರಿಯರು ನಮಗೆ ಹೇಳಿದ್ದುಂಟು. ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ದೇವಾಲಯದಲ್ಲಿ ಮಂಡಿಯೂರಿದ ಮಡದಿಯರಿಗೆ, ಪಾಳಿ ಮುಗಿದು ಗಂಡ ಮೇಲೆ ಬರುವ ತನಕ ಪ್ರತಿದಿನವೂ ಶನಿವಾರವೇ ಆಗಿದ್ದಿರಬೇಕು. ಅವರ ಮೊಮ್ಮಕ್ಕಳಲ್ಲಿ ಅನೇಕರು ಇಂದು ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತಿ ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಕಾಯುವವರು ಈಗಲೂ ಕಾಯುತ್ತಾರೆ.

ನಿದ್ದೆಯೂ ಒಂದು ಇಳಿತ. ದಿನದ ಲೆಕ್ಕವನ್ನು ಬಿಟ್ಟುಕೊಟ್ಟು, ನಮ್ಮ ಮೇಲೆ ನಮಗೇ ಹತೋಟಿಯಿಲ್ಲದ ಕತ್ತಲೆಗೆ ಒಪ್ಪಿಸಿಕೊಳ್ಳುವುದು. ಗುರುಗಳೂ ಕನ್ಯಾಸ್ತ್ರೀಯರೂ ಪ್ರತಿ ರಾತ್ರಿ ಹೇಳುವ ಶಯನ ಪ್ರಾರ್ಥನೆಯಲ್ಲಿ, ಯೇಸು ಶಿಲುಬೆಯ ಮೇಲೆ ಕೊನೆಯದಾಗಿ ತಮ್ಮ ಆತ್ಮವನ್ನು ತಂದೆಯ ಕೈಗೊಪ್ಪಿಸಿದ ನುಡಿ ಇದೆ. ಕುಟುಂಬದ ಜಪಸರ ಮುಗಿದ ಮೇಲೆ, ದೀಪ ಆರಿಸುವ ಮುನ್ನ, ಆ ನುಡಿಯನ್ನು ಮಕ್ಕಳಿಗೂ ಕಲಿಸಬಹುದು. ಪ್ರತಿ ರಾತ್ರಿ ಹಾಗೆ ಒಪ್ಪಿಸಿಕೊಂಡವರಿಗೆ ಕೊನೆಯ ರಾತ್ರಿ ಅಪರಿಚಿತವಾಗದು.

ಬೆಳಗು ನಮ್ಮ ಭಾನುವಾರ. ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಹೊರಟಳು. ಕಲ್ಲನ್ನು ಯಾರು ಉರುಳಿಸುವರೆಂಬ ಚಿಂತೆ ದಾರಿಯುದ್ದಕ್ಕೂ ಆ ಸ್ತ್ರೀಯರಿಗೆ ಇತ್ತು, ಆದರೂ ಹೊರಟರು. ಬೆಳಗಿನ ಧ್ಯಾನವೆಂದರೆ ಇದೇ: ಉತ್ತರ ಸಿಕ್ಕ ಮೇಲೆ ಏಳುವುದಲ್ಲ, ಸಿಗದೆಯೂ ಹೆಜ್ಜೆಯಿಡುವುದು.

ತೋಟಗಾರನನ್ನು ಗುರುತಿಸೋಣ

ಸಂತ ಯೊವಾನ್ನರು ಒಂದು ಸಂಗತಿಯನ್ನು ಮರೆಯದೆ ಬರೆದಿದ್ದಾರೆ. ಯೇಸುವನ್ನು ಇಟ್ಟ ಸಮಾಧಿಯು ತೋಟವೊಂದರಲ್ಲಿತ್ತು. ಎದ್ದು ಬಂದ ಪ್ರಭುವನ್ನು ಮರಿಯಳು ಕಂಡಾಗ, ಕಣ್ಣೀರಿನ ಮಬ್ಬಿನಲ್ಲಿ, ತೋಟಗಾರನಿರಬೇಕೆಂದು ತಿಳಿದಳು. ಪ್ರಭು ಆಕೆಗೆ ಪುನರುತ್ಥಾನದ ಸಿದ್ಧಾಂತವನ್ನು ವಿವರಿಸಲಿಲ್ಲ. ಏಕೆ ಅಳುತ್ತಿರುವೆ ಎಂದು ಕೇಳಿದರು. ಬಳಿಕ ಹೆಸರಿಡಿದು ಕರೆದರು. ಅಷ್ಟೇ ಸಾಕಾಯಿತು. ಅಳುತ್ತಾ ನಿಂತ ಆ ಸ್ತ್ರೀಯನ್ನೇ ಅವರು ಪ್ರೇಷಿತರ ಬಳಿಗೆ ಸಾಕ್ಷಿಯಾಗಿ ಕಳುಹಿಸಿದರು. ಜುಲೈ 22ರ ಆಕೆಯ ಸ್ಮರಣೆಯನ್ನು ಪೋಪ್ ಫ್ರಾನ್ಸಿಸ್‌ರವರು 2016ರಲ್ಲಿ ಪ್ರೇಷಿತರಿಗೆ ಸಮನಾದ ಹಬ್ಬದ ದರ್ಜೆಗೇರಿಸಿದರು. ಮಾವಿನ ತೋಟಗಳ ನಡುವೆ ಬದುಕುವ ನಮಗೆ ಈ ಪ್ರಸಂಗ ದೂರದ್ದಲ್ಲ. ದಿನವೂ ಬೆಳಿಗ್ಗೆ ತೋಟದ ಬದುವಿನಲ್ಲಿ, ಅಡುಗೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಯಾರ ವೇಷದಲ್ಲಿ ಪ್ರಭು ನಮ್ಮ ಹೆಸರಿಡಿದು ಕರೆಯುವರೋ ಬಲ್ಲವರಾರು?

ಇನ್ನೊಂದು ಮಾತು. ಎದ್ದುಬಂದ ಪ್ರಭುವಿನ ಕೈಗಳಲ್ಲಿ ಮೊಳೆಯ ಗುರುತುಗಳು ಹಾಗೆಯೇ ಇದ್ದವು. ಸಂತ ತೋಮಸರಿಗೆ ಅವುಗಳನ್ನೇ ತೋರಿಸಿದರು. ಪಾಸ್ಖ ಮೇಣದಬತ್ತಿಯ ಮೇಲೆ ಆ ಪಂಚಗಾಯಗಳ ನೆನಪಿಗಾಗಿ ಐದು ಧೂಪದ ಹರಳುಗಳನ್ನು ನೆಡುತ್ತೇವೆ. ಅದೇ ಬತ್ತಿಯಿಂದ ಜ್ಞಾನಸ್ನಾನದ ದಿನ ಮಗುವಿನ ದೀಪ ಹೊತ್ತಿಸುತ್ತೇವೆ. ಅದೇ ಬತ್ತಿ ಶವಸಂಸ್ಕಾರದ ದಿನ ಶವಪೆಟ್ಟಿಗೆಯ ಬಳಿ ಉರಿಯುತ್ತದೆ. ಪುನರುತ್ಥಾನವು ಗಾಯವನ್ನು ಅಳಿಸಲಿಲ್ಲ; ಅದನ್ನು ಬೆಳಕಿನೊಳಗೆ ತೆಗೆದುಕೊಂಡಿತು.

ಆ ತಾಯಿ ಇಂದಿಗೂ ಮಗನನ್ನು ನೆನೆದು ಅಳುತ್ತಾರೆ. ನಾವು ಬೇಡವೆನ್ನುವುದಿಲ್ಲ. ಆದರೆ ಸುತ್ತಲ ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಸಾವಾದರೂ, ಜಾತಿ ಮತ ನೋಡದೆ ಮೊದಲು ಹೋಗಿ ಪಕ್ಕದಲ್ಲಿ ಕೂರುವವರು ಆಕೆಯೇ. ಹೆಚ್ಚು ಮಾತನಾಡುವುದಿಲ್ಲ. ನೀರು ಕಾಯಿಸಿ ಕೊಡುತ್ತಾರೆ, ಮಕ್ಕಳಿಗೆ ಊಟ ಹಾಕುತ್ತಾರೆ, ರಾತ್ರಿ ಅಲ್ಲಿಯೇ ಉಳಿಯುತ್ತಾರೆ. ಅಂಥ ಮನೆಗಳಿಗೆ ನಾವು ಹೋದಾಗ, ಮೂಲೆಯಲ್ಲಿ ಕುಳಿತ ಆಕೆಯನ್ನು ಕಂಡೊಡನೆ ನಮ್ಮ ಪ್ರಬೋಧನೆಯನ್ನು ಮೊಟಕುಗೊಳಿಸುತ್ತೇವೆ.

ಇಂದು ರಾತ್ರಿ ದೀಪ ಆರಿಸುವ ಮುನ್ನ, ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಶನಿವಾರ ಇನ್ನೂ ಮುಗಿದಿಲ್ಲವೆಂದು ನೆನೆಯೋಣ. ನಾಳೆ ಬೆಳಿಗ್ಗೆ ಅವರ ಬಾಗಿಲಿಗೆ ಹೋಗೋಣ. ಮಾತು ಕಡಿಮೆಯಿರಲಿ. ನಮಗೂ ಅವರಿಗೂ ಮುನ್ನವೇ ಅಲ್ಲಿಗೆ ಬಂದಿರುವ ಪುನರುತ್ಥಾನಿ ಪ್ರಭು ತಮ್ಮ ಶಾಂತಿಯನ್ನು ದಯಪಾಲಿಸಲಿ.